ಹೊರಗೆ ನಿಂತವರಿಗೆ ಮೊದಲ ತಟ್ಟೆ

ಬೆಣ್ಣೆಯಲ್ಲಿ ಈರುಳ್ಳಿ ಕೆಂಪಗಾಗುವ ವಾಸನೆ ಬಂದರೆ ಸಾಕು, ಮಾರ್ಲಿಸ್ ಮತ್ತೆ ಏಳು ವರ್ಷದ ಹುಡುಗಿಯಾಗಿಬಿಡುತ್ತಿದ್ದಳು.

ನವೆಂಬರ್ ಚಳಿ. ಮನೆಯ ಹೊರಬಾಗಿಲು. ಒಳಗೆ ಟೀವಿಯ ಮುಂದೆ ಅಪ್ಪ ಗಸ್ ಮತ್ತು ಅವನ ಗೆಳೆಯರ ಗಲಾಟೆ. ಟಾಲ್ಮನ್ ಕಾಲೇಜಿನ ಫುಟ್‌ಬಾಲ್ ತಂಡ ಸೋಲುತ್ತಿದ್ದಾಗ ಅವಳು ಬೆಕ್ಕನ್ನು ಹುಡುಕಿಕೊಂಡು ಹೊರಗೆ ಹೋಗಿದ್ದಳು. ಅಷ್ಟರಲ್ಲೇ ತಂಡಕ್ಕೆ ಅಂಕ ಬಂದುಬಿಟ್ಟಿತ್ತು!

"ಅಲ್ಲೇ ಇರು ಮರಿ! ಒಳಗೆ ಬರ್ಬೇಡ! ನೀನು ಹೊರಗಿದ್ರೇನೇ ನಾವು ಗೆಲ್ಲೋದು!"

ಆ ಊರಿನಲ್ಲಿ ಅದು ನಿಯಮ. ಅದೃಷ್ಟ ತಿರುಗಿದ ಗಳಿಗೆಯಲ್ಲಿ ಹೊರಗಿದ್ದವರು ಆಟ ಮುಗಿಯುವ ತನಕ ಹೊರಗೇ ಇರಬೇಕು. ಇದನ್ನೆಲ್ಲ ನಂಬುತ್ತೀರಾ ಎಂದು ಕೇಳಿದರೆ ಎಲ್ಲರೂ ನಗುತ್ತಾರೆ. ಮುರಿಯಲು ಮಾತ್ರ ಯಾರಿಗೂ ಧೈರ್ಯವಿಲ್ಲ.

ಅಪ್ಪನಿಗೆ ಇನ್ನೊಂದು ನಿಯಮವೂ ಇತ್ತು. ಆಟ ಮುಗಿದೊಡನೆ ಬಿಸಿ ಸಾಸೇಜಿನ ಮೇಲೆ ಈರುಳ್ಳಿ ಸುರಿದು, ತಟ್ಟೆ ಹಿಡಿದು ತಾನೇ ಬಾಗಿಲಿಗೆ ಬರುತ್ತಿದ್ದ.

"ಹೊರಗೆ ನಿಂತವರಿಗೆ ಮೊದಲ ತಟ್ಟೆ!"

ಈಗ ಅದೇ ಕಬ್ಬಿಣದ ಬಾಣಲೆ, ಅದೇ ಈರುಳ್ಳಿ. ಕ್ರೀಡಾಂಗಣದ ಪಕ್ಕದ ಹುಲ್ಲುಮೈದಾನದಲ್ಲಿ ಸಾಲಾಗಿ ನಿಂತ ಪಿಕಪ್ ಗಾಡಿಗಳ ನಡುವೆ, ಅಪ್ಪ ಪ್ರತಿವರ್ಷ ಒಲೆ ಹೂಡುತ್ತಿದ್ದ ಜಾಗ. ಅಪ್ಪ ಮಾತ್ರ ಇಲ್ಲ.

ಬಾಣಲೆ ಕೊಟ್ಟು ಹೊರಟುಬಿಡೋಣ ಎಂದು ಬಂದಿದ್ದಳು. ಆದರೆ ಅಪ್ಪನ ಹಳೆಯ ಗೆಳತಿ ಬರ್ನೀಸ್ ಆಂಟಿ, "ಸ್ವಲ್ಪ ಕಲಕ್ತಿರಮ್ಮ, ಆಟ ನೋಡ್ಕೊಂಡು ಬಂದ್ಬಿಡ್ತೀನಿ" ಎಂದು ಸೌಟು ಕೈಗಿತ್ತು ಮಾಯವಾಗಿದ್ದಳು. ಹೋಗುವ ಮುನ್ನ ತನ್ನ ಕೈಗವಸುಗಳನ್ನು ಕಳಚಿ ಮಾರ್ಲಿಸ್‌ಳ ಕೋಟಿನ ಜೇಬಿಗೆ ತುರುಕಿದ್ದಳು.

ಮಾರ್ಲಿಸ್ ಕಣ್ಣೆತ್ತಿದಳು. ಕಲಕುತ್ತಿದ್ದ ಕೈ ನಿಂತುಹೋಯಿತು.

ತಂತಿಬೇಲಿಯ ಆಚೆ, ರಸ್ತೆಬದಿಯಲ್ಲಿ, ಕ್ರೀಡಾಂಗಣಕ್ಕೆ ಬೆನ್ನು ಹಾಕಿ ಒಬ್ಬ ನಿಂತಿದ್ದ. ಆ ಬಾಗಿದ ಭುಜಗಳನ್ನು ಅವಳು ಸಾವಿರ ಜನರ ನಡುವೆಯೂ ಗುರುತಿಸಬಲ್ಲಳು.

ಎಮೆಟ್!

ಅವನೂ ತಿರುಗಿದ. ಕಣ್ಣು ಕಲೆತವು. ಅವಳು ಥಟ್ಟನೆ ಮುಖ ತಿರುಗಿಸಿದಳು.

'ಇಲ್ಲಿಗೂ ಬಂದಿದ್ದಾನಲ್ಲ... ಇನ್ನೂ ಈ ಆಟದ ಹುಚ್ಚು ಬಿಟ್ಟಿಲ್ಲವಲ್ಲ ಇವನಿಗೆ!'

ಹೋದ ವರ್ಷವೂ ಇದೇ ಆಟ. ಟಾಲ್ಮನ್‌ಗೂ ನದಿಯಾಚೆಯ ಕೋರ್ವಿನ್‌ಗೂ. ಅಪ್ಪ ಆಸ್ಪತ್ರೆಯ ಹಾಸಿಗೆಯಲ್ಲಿದ್ದ. ಪಕ್ಕದಲ್ಲಿ ಎಮೆಟ್. ಬರುವ ವಸಂತಕ್ಕೆ ಇಬ್ಬರ ಮದುವೆಯೆಂದು ನಿಶ್ಚಯವಾಗಿತ್ತು. ಮಾರ್ಲಿಸ್ ಕಾಫಿ ತರಲು ಹೋದಳು. ಮರಳಿ ಬಾಗಿಲಿಗೆ ಬರುವಷ್ಟರಲ್ಲಿ ಟೀವಿಯಲ್ಲಿ ಜನ ಹುಯಿಲೆಬ್ಬಿಸಿದ್ದರು. ಟಾಲ್ಮನ್‌ಗೆ ಅಂಕ! ಎಮೆಟ್ ತಿರುಗಿ ಸಹ ನೋಡದೆ ಕೈಯೆತ್ತಿದ.

"ಬರ್ಬೇಡ ಮಾರ್ಲಿಸ್! ಅಲ್ಲೇ ಇರು!"

ಅವಳು ನಕ್ಕು ಅಲ್ಲೇ ನಿಂತಳು. ತಂಡ ಗೆದ್ದಿತು. ಅವಳು ಒಳಗೆ ಹೋದಾಗ ಕಾಫಿ ತಣ್ಣಗಾಗಿತ್ತು. ಅಪ್ಪ...

ಮಣ್ಣು ಮಾಡಿದ ದಿನವೇ ಉಂಗುರ ಕಳಚಿ ಅವನ ಅಂಗೈಯಲ್ಲಿಟ್ಟು ಬಂದಿದ್ದಳು.

ಇದ್ದಕ್ಕಿದ್ದಂತೆ ಕ್ರೀಡಾಂಗಣ ಮೌನವಾಯಿತು. ಮರುಕ್ಷಣ ನೆಲ ನಡುಗುವಂಥ ಕೂಗು! ಒಲೆಯ ಪಕ್ಕದ ರೇಡಿಯೊಗೆ ಸುದ್ದಿ ತಲುಪುವ ಮೊದಲೇ ಅವಳಿಗೆ ತಿಳಿಯಿತು. ಟಾಲ್ಮನ್ ಗೆದ್ದಿತ್ತು.

ಜನ ಹೊಳೆಯಂತೆ ಹುಲ್ಲುಮೈದಾನಕ್ಕೆ ಹರಿದುಬಂದರು. ಎಲ್ಲರಿಗಿಂತ ಮುಂದೆ ಅಪ್ಪನ ಜೊತೆಗಾರ ಹಾರ್ವೆ, ಟೋಪಿ ತಲೆಕೆಳಗು.

"ಒಂದೇ ಅಂಕ ಕಣ್ರೋ! ಒಂದೇ ಒಂದು! ನನ್ನ ಎದೆ ಇನ್ನೂ ಹೊಡ್ಕೊಳ್ತಿದೆ!"

ಅವನ ಹಿಂದೆ ಕೋರ್ವಿನ್ ಅಭಿಮಾನಿ ಲೊವೆಲ್ ಹಳದಿ ಶಾಲು ಹೊದ್ದು, ಸಾವಿನ ಮನೆಯಿಂದ ಎದ್ದು ಬಂದವನಂತೆ ಕಾಲೆಳೆಯುತ್ತಿದ್ದ. ಪ್ರತಿವರ್ಷ ಇವರ ಪಕ್ಕದಲ್ಲೇ ಗಾಡಿ ನಿಲ್ಲಿಸಿ, ಇವರ ಸಾಸೇಜನ್ನೇ ತಿಂದು, ಇವರನ್ನೇ ಬೈಯುವ ಮನುಷ್ಯ.

"ಗೆದ್ರಂತೆ, ಗೆದ್ರು! ನಮ್ಮ ಹುಡುಗ ಒದ್ದ ಚೆಂಡು ಕಂಬಕ್ಕೆ ತಾಗ್ತು. ಗೆದ್ದಿದ್ದು ನೀವಲ್ಲ, ಕಂಬ!"

"ಹಂಗಾದ್ರೆ ಕಂಬಕ್ಕೊಂದು ಸಾಸೇಜ್ ಕೊಡೋಣ. ನಿಂಗೆ ಇಲ್ಲ ಹೋಗು!"

"ಗಾಳಿ ಬೀಸ್ತು ಹಾರ್ವೆ, ನಾನೇ ಕಣ್ಣಾರೆ ನೋಡ್ದೆ."

"ಗಾಳಿ ಬೀಸಿದ್ದು ನಿನ್ನ ಬಾಯಿಂದ! ಕೇಳು, ಗಾಳಿನೂ ಅಲ್ಲ, ಕಂಬಾನೂ ಅಲ್ಲ. ಗೆಲ್ಲಿಸಿದ್ದು ಅಲ್ಲಿ ನಿಂತಿದ್ದಾನಲ್ಲ, ಅವನು!" ಹಾರ್ವೆ ಬೇಲಿಯತ್ತ ಬೆರಳು ತೋರಿಸಿದ. "ಎಮೆಟ್! ಈ ವರ್ಷ ಒಂದು ಆಟಕ್ಕೂ ಒಳಗೆ ಕಾಲಿಟ್ಟಿಲ್ಲ. ಮಳೆ ಬರ್ಲಿ, ಹಿಮ ಬೀಳ್ಲಿ, ಅಲ್ಲೇ ನಿಂತಿರ್ತಾನೆ. ನಮ್ಮ ಅದೃಷ್ಟ ಕಣಯ್ಯ ಅವನು!"

ಎಲ್ಲರೂ ನಕ್ಕರು. ಜನರೊಂದಿಗೆ ಮರಳಿ ಬಂದಿದ್ದ ಬರ್ನೀಸ್ ಆಂಟಿ ನಗಲಿಲ್ಲ.

"ಆಂಟಿ... ನಿಜಾನಾ?"

"ನಿಜ ಕಣಮ್ಮ. ಟಿಕೆಟ್ ಕೊಡ್ತೀನಿ ಅಂದ್ರೂ ಒಲ್ಲೆ ಅಂತಾನೆ. ಊಟಕ್ಕೆ ಕರೆದ್ರೆ ಬೇಲಿ ದಾಟಿ ಬರಲ್ಲ. ಆಟ ಮುಗಿದ ಮೇಲೆ ಸುಮ್ನೆ ಮನೆಗೆ ಹೋಗ್ತಾನೆ."

ಮಾರ್ಲಿಸ್ ಸೌಟು ಕೆಳಗಿಟ್ಟಳು. ತನ್ನ ಕಾಲುಗಳು ಯಾವಾಗ ಬೇಲಿಯತ್ತ ನಡೆದವೋ ಅವಳಿಗೇ ತಿಳಿಯಲಿಲ್ಲ. ಎದೆಮಟ್ಟದ ಬೇಲಿ. ಇತ್ತ ಅವಳು, ಅತ್ತ ಅವನು. ಅವನ ಕಿವಿಗಳು ಚಳಿಗೆ ಕೆಂಪಾಗಿದ್ದವು.

"ತಂಡ ಗೆಲ್ಲಲಿ ಅಂತ ಇಲ್ಲಿ ನಿಲ್ತೀಯಾ?"

"ಗೆದ್ರಾ?" ಅವನು ಕೇಳಿದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ! "ಇಲ್ಲ, ಅದಕ್ಕಲ್ಲ. ನಿನ್ನ ಹೊರಗೆ ನಿಲ್ಲಿಸಿದ್ನಲ್ಲ... ಅದು ಹೇಗಿರುತ್ತೆ ಅಂತ ನಂಗೂ ತಿಳೀಲಿ ಅಂತ. ಅಷ್ಟೇ."

ಒಂದು ವರ್ಷದಿಂದ ಎದೆಯೊಳಗೆ ಕೊಳೆಯುತ್ತಿದ್ದ ಪ್ರಶ್ನೆ ಹೊರಬಂತು.

"ಅಪ್ಪಾನೇ ನಿನ್ನ ಕೈಲಿ ಹಾಗೆ ಹೇಳಿಸಿದ್ರು ಅಂತ ಹಾರ್ವೆ ಅಂಕಲ್ ಅಂತಾರೆ. ಕೊನೇ ಉಸಿರು ನಾನು ನೋಡ್ಬಾರ್ದು ಅಂತ... ಹೌದಾ?"

'ಹೌದು ಅನ್ನು ಎಮೆಟ್... ಸುಳ್ಳಾದರೂ ಸರಿ!'

ಅವನು ಬೇಲಿಯ ತಂತಿಯನ್ನು ಬಿಗಿಯಾಗಿ ಹಿಡಿದ.

"ಹೌದು ಅಂದ್ರೆ ನಿಂಗೂ ಸಮಾಧಾನ, ನಂಗೂ ಸಮಾಧಾನ. ಆದ್ರೆ ಇಲ್ಲ ಮಾರ್ಲಿಸ್. ಅವ್ರು ಏನೂ ಹೇಳ್ಲಿಲ್ಲ. ನಾನೇ ಹೇಳಿದ್ದು. ನನ್ನ ಕಣ್ಣು ಚೆಂಡಿನ ಮೇಲಿತ್ತು. ಅವ್ರ ಕೈ ನನ್ನ ಕೈಯಲ್ಲೇ ಇತ್ತು... ಯಾವಾಗ ಸಡಿಲ ಆಯ್ತೋ ನಂಗೆ ಗೊತ್ತಾಗ್ಲೇ ಇಲ್ಲ."

"ಕೈ... ಹಿಡ್ಕೊಂಡಿದ್ಯಾ?"

"ಬೆಳಗ್ಗೆಯಿಂದ. ಅವ್ರೇ ಬಿಟ್ಟಿರ್ಲಿಲ್ಲ."

ಇದನ್ನು ಅವಳು ಕೇಳಿಯೇ ಇರಲಿಲ್ಲ. ಹೇಳಲು ಅವನಿಗೆ ಅವಕಾಶವನ್ನೇ ಕೊಟ್ಟಿರಲಿಲ್ಲ. ಕಣ್ಣೀರು ಗಲ್ಲದ ಮೇಲೆ ಇಳಿದು ಅಲ್ಲೇ ತಣ್ಣಗಾಯಿತು.

"ಬಾಗಿಲು ತೆರೆದೇ ಇತ್ತು ಎಮೆಟ್. ಎರಡು ಹೆಜ್ಜೆ ಅಷ್ಟೇ. ನಾನು ಬರಬಹುದಿತ್ತು. ಯಾಕೆ ಬರ್ಲಿಲ್ಲ ಗೊತ್ತಾ? ನಂಗೂ ಗೆಲ್ಲಬೇಕಿತ್ತು. ಅವತ್ತಿಂದ ನಿನ್ನ ಮುಖ ನೋಡಿದ್ರೆ ನನ್ನ ಮುಖಾನೇ ಕಾಣುತ್ತೆ... ಅದಕ್ಕೇ ನಿನ್ನ ದೂರ ಮಾಡ್ದೆ."

ಹಿಂದೆ ಯಾರೋ ಕಾಲೇಜಿನ ಹಾಡು ಹಿಡಿದರು. ಲೊವೆಲ್ ಬೇಕೆಂದೇ ಅಪಸ್ವರದಲ್ಲಿ ದನಿಗೂಡಿಸುತ್ತಿದ್ದ.

"ನಿನ್ನ ಮರೆಯೋಕೆ ಆಗ್ಲಿಲ್ಲ," ಅವನು ಮೆಲ್ಲಗೆ ಹೇಳಿದ. "ಏನೂ ಕೇಳ್ತಿಲ್ಲ. ಹೇಳ್ಬೇಕು ಅನ್ನಿಸ್ತು."

"ನನ್ನ ಕೈಲೂ ಆಗ್ಲಿಲ್ಲ. ಆದ್ರೆ ಒಂದೇ ಮನೇಲಿ ಇದ್ರೆ ಪ್ರತಿ ನವೆಂಬರ್‌ಗೂ ಆ ಬಾಗಿಲು ನಮ್ಮಿಬ್ಬರ ಮಧ್ಯೆ ಬಂದು ನಿಲ್ಲುತ್ತೆ."

"ಗೊತ್ತು."

"ಸರಿಹೋಗಲ್ಲ ಇದು."

"ಅದೂ ಗೊತ್ತು."

ಇನ್ನೇನೂ ಉಳಿದಿರಲಿಲ್ಲ. ಅವಳು ತಿರುಗಿ ನಡೆದಳು. ಎಮೆಟ್ ಕೋಟಿನ ಕಾಲರ್ ಎತ್ತಿಕೊಂಡು ಮನೆಯ ದಾರಿ ಹಿಡಿದ.

"ಎಮೆಟ್! ನಿಲ್ಲು!"

ಅವಳು ಓಡಿ ಬರುತ್ತಿದ್ದಳು. ಕೈಯಲ್ಲಿ ತಟ್ಟೆ, ಅದರಿಂದ ಹಬೆ. ಹಿಂದೆ ಬಾಣಲೆಯ ಸುತ್ತ ಎಲ್ಲರೂ ತಟ್ಟೆ ಹಿಡಿದು ಕಾಯುತ್ತಿದ್ದರು. ಮುಂದೆ ನುಗ್ಗಿದ ಲೊವೆಲ್‌ನ ಕೈಗೆ ಬರ್ನೀಸ್ ಆಂಟಿ ಸೌಟಿನಿಂದ ಒಂದೇಟು ಕೊಟ್ಟಳು.

"ಹೊರಗೆ ನಿಂತವರಿಗೆ..." ಎಂದಳು ಮಾರ್ಲಿಸ್. ಮುಂದಿನದಕ್ಕೆ ದನಿ ಬರಲಿಲ್ಲ.

ಎಮೆಟ್‌ಗೆ ಉಳಿದರ್ಧ ಗೊತ್ತಿತ್ತು. ಗಸ್‌ನ ಬಾಯಿಂದ ಎಷ್ಟು ಸಲ ಕೇಳಿರಲಿಲ್ಲ!

"ನೀನು ತಿಂದ್ಯಾ?" ಎಂದು ಮಾತ್ರ ಕೇಳಿದ.

"ಆಮೇಲೆ. ಆರಿಹೋಗುತ್ತೆ... ತಗೋ."

ಬೇಲಿಯ ಮೇಲಿಂದ ಅವಳು ತಟ್ಟೆ ಚಾಚಿದಳು. ಅವನು ಎರಡೂ ಕೈ ನೀಡಿ ತೆಗೆದುಕೊಂಡ.