ರಿಟರ್ನ್ ಕೋಡ್ ಸೊನ್ನೆ

ನನ್ನ ಪಕ್ಕೆಗೆ ಚಾಕುವಿನ ಮೊನೆ ಚುಚ್ಚಿತು.

"ಬೇಗ ಸರಿಮಾಡ್ಲಾ, ರಾಜಶೇಖರ!" ಇಂದುಧರ ಗದರಿದ.

ನನ್ನ ತೊಡೆ ಮೇಲೆ ಲ್ಯಾಪ್‌ಟಾಪ್ ಇತ್ತು. ಕಾರು ಹಳೇಬೀಡು ದಾಟಿ ಹಗರೆ ಕಡೆ ಹಾರುತ್ತಿತ್ತು. ಮುಂದೆ, ಇಂದುಧರನ ಡ್ರೈವರ್ ಪಕ್ಕ, ಪುಷ್ಪಲತಾ ಬಿಕ್ಕುತ್ತಿದ್ದಳು.

ಕೇಳಿ, ನಾನು ಮೇನ್‌ಫ್ರೇಮ್ ಅನ್ನೋ ದೊಡ್ಡ ಕಂಪ್ಯೂಟರ್ ರಿಪೇರಿಯವನು. ಇಂದುಧರ ನಮ್ಮ ವಿಮಾ ಕಂಪನಿಯ ಪ್ರೋಗ್ರಾಮರ್. ಸುಳ್ಳು ಕ್ಲೇಮ್ ಹಾಕಿ ದುಡ್ಡು ನುಂಗಿದ್ದು ಅವನು. ಕೇಸ್ ಬಿದ್ದಿದ್ದು ಗುಮಾಸ್ತೆ ಪುಷ್ಪಲತಾ ಮೇಲೆ. ಅವಳನ್ನು ಜೈಲಿನಿಂದ ಉಳಿಸಲು ಇದ್ದದ್ದು ಯಾರ ಲಾಗಿನ್ನಿಂದ ಕ್ಲೇಮ್ ಹೋಯಿತು ಅಂತ ಬರೆದಿಡುವ ಒಂದೇ ಲಾಗ್ ಫೈಲ್. ಅದನ್ನು ಅಳಿಸಲು ಇವನು ಬರೆದ ಪೈಪ್‌ಲೈನ್, ಅಂದರೆ ಕಮಾಂಡುಗಳ ಸರಪಳಿ, ಬರೀ ಎರರ್ ಉಗುಳುತ್ತಿತ್ತು! ಅದನ್ನು ಸರಿಮಾಡಿಸಲು ನನ್ನನ್ನು, ಬಾಯಿ ಬಿಡದಂತೆ ಅವಳನ್ನು ಚಾಕು ತೋರಿಸಿ ಕಾರಿಗೆ ತುಂಬಿದ್ದ.

"ಅಳಿಸೋ 'ಇರೇಸ್' ಕಮಾಂಡ್ ಸರಿಯಾಗೇ ಐತಲ್ಲೋ?"

"ಸರಿಯಾಗಿದೆ. ಆದ್ರೆ ಪೈಪ್‌ಲೈನ್ ಒಳಗೆ ಕೊಟ್ರೆ ಅದು ಪೈಪ್‌ಲೈನಿಗೇ ಹೋಗುತ್ತೆ. ಸಿಸ್ಟಮ್‌ಗೆ ಕಳ್ಸು ಅಂತ ಒಂದು ಸಾಲು ಬೇಕು."

ನಿಜವನ್ನೇ ಹೇಳಿದೆ.

ಸಾಲು ಸೇರಿಸಿದೆ. ಕಾರು ಗುಂಡಿಗೆ ಬಿತ್ತು. ಅವನು ಡ್ರೈವರನ್ನು ಬೈಯುವಷ್ಟರಲ್ಲಿ ಮೇಲ್ಗಡೆ ಇನ್ನೊಂದು ಸಾಲು ತುರುಕಿದೆ. ಇಂದುಧರ ಕಮಾಂಡಿಗೆ ಕೋಟ್ಸ್, ಅಂದರೆ ಉದ್ಧರಣ ಚಿಹ್ನೆ, ಹಾಕದ ಸೋಮಾರಿ. ಕೋಟ್ಸ್ ಇಲ್ಲದ ಪದಕ್ಕೆ ಮೊದಲೇ ಬೇರೆ ಅರ್ಥ ಕೊಟ್ಟಿದ್ದರೆ ಯಂತ್ರ ಆ ಅರ್ಥವನ್ನೇ ನಡೆಸುತ್ತೆ. 'ಇರೇಸ್'ಗೆ ನಾನು ಕೊಟ್ಟ ಅರ್ಥ: ಮುಂದಿರುವ ಫೈಲ್ ಹೆಸರನ್ನು ಆಫೀಸಿನ ಆಪರೇಟರ್ ಮೇಧಿನಿಗೆ ಮೆಸೇಜ್ ಕಳಿಸು.

"ನಿನ್ನ ಲಾಗಿನ್. ನೀನೇ ಎಂಟರ್ ಒತ್ತು."

ಒತ್ತಿದ.

ರಿಟರ್ನ್ ಕೋಡ್ ಸೊನ್ನೆ!

ನಮ್ಮ ಕಸುಬಿನಲ್ಲಿ ಸೊನ್ನೆ ಬಂದರೆ ಕೆಲಸ ಆಯಿತು ಅಂತ ಲೆಕ್ಕ. ಫೈಲ್ ನಿಜವಾಗಿ ಹೋಯಿತೇ ಅಂತ ಅವನು ನೋಡಲೇ ಇಲ್ಲ. ಹಲ್ಲು ಕಿರಿದ.

ಹಗರೆ ಹತ್ತಿರ ಅವನ ಫೋನ್ ಬಡಿದುಕೊಂಡಿತು. ಸ್ಪೀಕರ್ ಒತ್ತಿದ.

"ಇಂದುಧರ್ ಸಾರ್, ನಾನು ಮೇಧಿನಿ. ಈ ಫೈಲ್ ಹೆಸ್ರು ನಂಗ್ಯಾಕೆ ಕಳ್ಸಿದ್ರಿ? ಆಡಿಟ್‌ನೋರು ಇಲ್ಲೇ ಇದ್ರು, ತೆಗೆದು ನೋಡಿದ್ರು... ಎಲ್ಲ ಕ್ಲೇಮೂ ನಿಮ್ಮ ಲಾಗಿನ್ನಿಂದಲೇ ಹೋಗಿದೆಯಲ್ಲ ಸಾರ್?"

ಚಾಕು ಮೇಲೆದ್ದಿತು!

ಅಷ್ಟರಲ್ಲಿ ರಸ್ತೆ ಬದಿಯ ಡೈರಿಯಿಂದ ಹಾಲಿನ ಲಾರಿ ಅಡ್ಡ ಬಂತು. ಬ್ರೇಕ್!

"ಇಳಿಯಮ್ಮ ಪುಷ್ಪಲತಾ! ಓಡು!"

ಡೈರಿ ಮುಂದಿನ ಜನರ ನಡುವೆ ನುಗ್ಗಿದೆವು. ಬೆನ್ನ ಹಿಂದೆಯೇ ಅವನು... ಚಾಕು ಬೀಸುತ್ತಾ!

"ಹಿಡ್ಕೊಳ್ರಪ್ಪೋ!" ಅಂತ ಅರಚಿದೆ.

ಯಾರೋ ಉರುಳಿಸಿದ ಹಾಲಿನ ಕ್ಯಾನ್ ಒಂದು ಅವನ ಮೊಣಕಾಲಿಗೆ ಬಡಿಯಿತು. ಬಿದ್ದ. ನಾಲ್ಕಾರು ಜನ ಅವನ ಮೇಲೆ ಕೂತರು.

ಪುಷ್ಪಲತಾ ನನ್ನ ತೋಳು ಹಿಡಿದಳು. "ಸಾರ್... ನಾನಿನ್ನು ಜೈಲಿಗೆ ಹೋಗ್ಬೇಕಾ?"

"ಇಲ್ಲಮ್ಮ. ಆ ಜಾಗಕ್ಕೆ ಅವನೇ ಎಂಟರ್ ಒತ್ಕೊಂಡ."