ಕುರ್ಚಿ ಸರಿಸಿದವರು ಯಾರು?

"ಯಾರ್ರೀ ಈ ಕುರ್ಚಿ ಸರಿಸಿದ್ದು?"

ಆ ಕೂಗಿಗೆ ಅಂಧರ ಆಶ್ರಮದ ಹಜಾರವೇ ನಡುಗಿತು. ಪೊರಕೆ ಹಿಡಿದಿದ್ದ ಎಂಟನೇ ತರಗತಿಯ ಮಕ್ಕಳು ಇದ್ದಲ್ಲೇ ನಿಂತುಬಿಟ್ಟರು.

ನೆಲದ ಮೇಲೆ ಒಬ್ಬ ಹಿರಿಯ ಹೆಂಗಸು ಪಾದ ಹಿಡಿದುಕೊಂಡು ಕುಳಿತಿದ್ದರು. ಪಕ್ಕದಲ್ಲಿ ಮಂಡಿಯೂರಿದ್ದವನು ಆಶ್ರಮದ ವಾರ್ಡನ್. ಬಿದ್ದಿದ್ದು ಅವನ ಹೆತ್ತ ತಾಯಿ!

"ನಾವೇ ಸರ್... ಗುಡಿಸಿ ಒರೆಸೋಣ ಅಂತ ಎಲ್ಲಾ ಗೋಡೆ ಪಕ್ಕ ನೀಟಾಗಿ..." ಟೀಚರ್ ತೊದಲಿದಳು.

"ನೀಟಾ? ಇಲ್ಲಿರೋರು ಹೆಜ್ಜೆ ಎಣಿಸ್ಕೊಂಡು ಓಡಾಡ್ತಾರೆ ಕಣ್ರೀ! ಒಂದು ಕುರ್ಚಿ ಒಂದು ಗೇಣು ಸರಿದ್ರೂ ಅವರಿಗೆ ದಾರಿ ತಪ್ಪುತ್ತೆ. ಅಷ್ಟೂ ಗೊತ್ತಿಲ್ದೆ ಸೇವೆ ಮಾಡೋಕೆ ಬಂದ್ರಾ?"

"ಸರ್, ಮಕ್ಕಳ ಮುಂದೆ..."

"ನಿಮ್ಮ ಪುಣ್ಯ ನೀವೇ ಇಟ್ಕೊಳ್ಳಿ. ಹೊರಡಿ ಇಲ್ಲಿಂದ!"

ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಗೇಟು ದಾಟಿಸುವಾಗ ಟೀಚರ್‌ಗೆ ಕಣ್ಣೀರು ಬರಲಿಲ್ಲ. ಬಂದದ್ದು ಕೋಪ. ತಪ್ಪು ತನ್ನದೇ ಎಂದು ಗೊತ್ತಿದ್ದೂ ಬರುವ ಕೋಪ ಇದೆಯಲ್ಲ, ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಸೋಮವಾರ ಪ್ರಿನ್ಸಿಪಾಲ್ ಸಿಸ್ಟರ್ ಕರೆಸಿದರು.

"ಶುಕ್ರವಾರ ಪೋಷಕರ ಸಭೆ ಇದೆ. ಸೇವಾ ಶನಿವಾರದಿಂದ ಮಕ್ಕಳ ಓದು ಹಾಳಾಗ್ತಿದೆ ಅಂತ ಅವರು ಮೊದಲೇ ಗೊಣಗ್ತಿದ್ರು. ಈಗ ಇದು ಬೇರೆ! ‘ಮಕ್ಕಳು ಮತ್ತೆ ಬರಲಿ’ ಅಂತ ವಾರ್ಡನ್ ಬರೆದು ಕೊಟ್ರೆ ಸರಿ. ಇಲ್ಲಾಂದ್ರೆ ಸೇವಾ ಶನಿವಾರ ಇಲ್ಲಿಗೆ ಮುಗೀತು, ಮಗಳೇ."

ಮೂರು ವರ್ಷದ ಹಿಂದೆ ಕಂಡಕಂಡವರ ಕಾಲು ಹಿಡಿದು ಟೀಚರೇ ಶುರು ಮಾಡಿದ್ದ ಕೆಲಸ ಅದು. ಶಾಲೆಯಲ್ಲಿ ಎಲ್ಲ ಧರ್ಮದ ಮಕ್ಕಳೂ ಇದ್ದರು. ಅವರು ಆಶ್ರಮಕ್ಕೆ ಹೋಗಿ ಪೇಪರ್ ಓದಿ ಹೇಳುತ್ತಿದ್ದರು, ಹಿರಿಯರ ಬಾಯಿಂದ ಹಳೆಯ ಹಾಡು ಕಲಿಯುತ್ತಿದ್ದರು. ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗಿ ಅಲ್ಲಿ ಅಜ್ಜಂದಿರ ಜೊತೆ ಪೇಪರ್ ಸುದ್ದಿ ಹಿಡಿದು ಜಗಳ ಆಡುತ್ತಿದ್ದಳು! ಮೊನ್ನೆಯೇ ಮೊದಲ ಸಲ ಕೈಗೆ ಪೊರಕೆ ಕೊಟ್ಟಿದ್ದು.

ಅವಳು ನೇರವಾಗಿ ಪ್ರಾರ್ಥನಾಲಯಕ್ಕೆ ಹೋಗಿ ಮೊಣಕಾಲೂರಿದಳು.

‘ಯೇಸುವೇ, ಶತ್ರುವನ್ನು ಕ್ಷಮಿಸು ಅಂತ ಮಕ್ಕಳಿಗೆ ನಾನೇ ಪಾಠ ಹೇಳ್ತೀನಿ. ಆದ್ರೆ ಆ ಮನುಷ್ಯನ್ನ ಇವತ್ತು ಕ್ಷಮಿಸೋಕೆ ಆಗಲ್ಲ. ನಾಳೆ ನೋಡೋಣ...’

ನಾಳೆಯೂ ಆಗಲಿಲ್ಲ. ಬುಧವಾರ ಕಿತ್ತಳೆ ಹಣ್ಣು ಹಿಡಿದು ಅವಳು ಆ ತಾಯಿಯ ಕೋಣೆಗೆ ಹೋದಳು.

"ಅಮ್ಮಾ, ಕ್ಷಮಿಸಿ..."

"ಅಯ್ಯೋ, ಬಾರಮ್ಮ! ಕಾಲು ಮುರಿದಿಲ್ಲ, ಉಳುಕಿದೆ ಅಷ್ಟೇ. ತಲೆ ಕೆಟ್ಟಿರೋದು ನನ್ನ ಮಗನಿಗೆ." ತಾಯಿ ಅವಳ ಕೈ ಹುಡುಕಿ ಹಿಡಿದುಕೊಂಡರು. "ಗುಡಿಸೋಕೆ ಬಂದೋರಿಗೆ ಇಲ್ಲಿನ ನಿಯಮ ಹೇಳೋದು ಅವನ ಕೆಲಸ. ಆಯಾ ಕೈಲಿ ಹೇಳಿಸ್ತೀನಿ ಅಂದ. ಆವತ್ತು ಅವಳು ರಜ. ಇವನು ಬಾಯಿಗೆ ಬೀಗ ಹಾಕ್ಕೊಂಡು ಒಳಗೇ ನಿಂತ."

"ಯಾಕಮ್ಮಾ?"

"ಶನಿವಾರ ನಿನ್ನ ದನಿ ಕೇಳಿದ್ರೆ ಸಾಕು, ಅವನ ಚಪ್ಪಲಿ ಸದ್ದು ಆಫೀಸ್ ಕಿಟಕಿ ಹತ್ರ ಹೋಗಿ ನಿಲ್ಲುತ್ತೆ. ಮೂರು ವರ್ಷದಿಂದ! ನಾನು ಕುರುಡಿ ಕಣಮ್ಮ, ಕಿವುಡಿ ಅಲ್ಲ."

ಟೀಚರ್ ಮುಖಕ್ಕೆ ರಕ್ತ ಏರಿತು. ನಾಚಿಕೆ ಎಂದುಕೊಂಡಿರೇನೋ? ಅಲ್ಲ, ಕೆಂಡದಂಥ ಸಿಟ್ಟು! ಆಫೀಸ್ ಬಾಗಿಲನ್ನು ಅವಳು ತಟ್ಟಲೂ ಇಲ್ಲ, ದೂಡಿದಳು.

"ನಿಯಮ ಹೇಳಬೇಕಾಗಿದ್ದೋರು ನೀವು! ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನ್ರೀ ಹೋಗ್ತಿತ್ತು?"

ವಾರ್ಡನ್ ತಡಬಡಾಯಿಸಿ ಎದ್ದು ನಿಂತ. "ನೀವು ಎದುರಿಗಿದ್ರೆ... ನನಗೆ ಮಾತೇ ಬರಲ್ಲ ಟೀಚರ್."

"ಬೈಯೋಕೆ ಮಾತ್ರ ಚೆನ್ನಾಗಿ ಬಂತಲ್ಲ!"

"ಅಮ್ಮ ಬಿದ್ದಾಗ ಕೋಪ ಬಂದಿದ್ದು ನನ್ನ ಮೇಲೇನೇ. ಹಾಕಿದ್ದು ನಿಮ್ಮ ತಲೆ ಮೇಲೆ." ಅವನು ತಲೆ ಎತ್ತಲಿಲ್ಲ. "ಸಿಸ್ಟರ್ ಫೋನ್ ಮಾಡಿದ್ರು. ಪತ್ರ ತಾನೇ ಬೇಕು? ಈಗ್ಲೇ ಬರ್ಕೊಡ್ತೀನಿ."

ಕೈ ಚಾಚಿದ್ದರೆ ಸಾಕಿತ್ತು, ಸೇವಾ ಶನಿವಾರ ಉಳಿಯುತ್ತಿತ್ತು. ಅವಳು ಕೈ ಚಾಚಲಿಲ್ಲ.

"ಬೇಡ! ನನ್ನ ಮಕ್ಕಳ ಮುಂದೆ ಬೈದ್ರಿ. ಸೇವೆ ಮಾಡೋದೇ ತಪ್ಪೇನೋ ಅಂತ ನಾಲ್ಕು ದಿನದಿಂದ ಅವರು ಅಳ್ತಿದ್ದಾರೆ. ಶುಕ್ರವಾರ ಅವರ ಮುಂದೇನೇ ಬಂದು ಹೇಳಿ. ಬರದಿದ್ರೆ ಇನ್ಯಾವತ್ತೂ ನಿಮ್ಮ ಮುಖ ನೋಡಲ್ಲ."

ಹೊರಗೆ ಬಂದವಳು ಗೇಟಿನ ಹತ್ತಿರ ಹಿಂತಿರುಗಿ ನೋಡಿದಳು. ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ತಾನೇ ಮಾಡಿಕೊಂಡೆನೇ? ಅವನು ಬರದೇ ಹೋದರೆ...?

ಶುಕ್ರವಾರ ಸಭಾಂಗಣ ತುಂಬಿತ್ತು. ಮುಂದೆ ಮಕ್ಕಳು, ಹಿಂದೆ ಪೋಷಕರು. ಅವನು ಮಾತ್ರ ಇರಲಿಲ್ಲ.

"ಸೇವೆ ಅಂತ ಹೋಗಿ ಮುದುಕಿಯೊಬ್ಬರನ್ನ ಬೀಳಿಸಿ ಬಂದಿದ್ದಾರೆ. ಇದನ್ನೆಲ್ಲಾ ನಿಲ್ಲಿಸಿ ಸಿಸ್ಟರ್!" ಒಬ್ಬ ತಂದೆ ಎದ್ದು ನಿಂತು ಗುಡುಗಿದ.

ಸಿಸ್ಟರ್ ನಿಟ್ಟುಸಿರಿಟ್ಟು ಮೈಕ್ ಎಳೆದುಕೊಂಡರು. ಟೀಚರ್ ಕಣ್ಣು ಮುಚ್ಚಿದಳು.

"ಒಂದು ನಿಮಿಷ ಸಿಸ್ಟರ್!"

ವಾರ್ಡನ್! ಏದುಸಿರು ಬಿಡುತ್ತಾ ಬಂದವನು ದೊಡ್ಡವರ ಕಡೆ ತಿರುಗಲಿಲ್ಲ, ಮಕ್ಕಳೆದುರು ನಿಂತ.

"ಮಕ್ಕಳೇ, ನಿಮ್ಮ ತಪ್ಪಿಲ್ಲ, ನಿಮ್ಮ ಟೀಚರ್‌ದೂ ಇಲ್ಲ. ಏನನ್ನೂ ಸರಿಸಬೇಡಿ ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ. ಮೇಲಿಂದ ನಿಮ್ಮನ್ನೇ ಬೈದೆ. ಕ್ಷಮಿಸಿ. ಅಲ್ಲಿ ಎಲ್ಲರೂ ನಿಮ್ಮ ದಾರಿ ಕಾಯ್ತಿದ್ದಾರೆ. ಬರ್ತೀರಾ?"

"ಬರ್ತೀವಿ ಸರ್!" ಬಾಯೇ ಬಿಡದ ಆ ಹುಡುಗಿಯೇ ಮೊದಲು ಕೂಗಿದ್ದು.

"ಆದ್ರೆ ನೀವು ಹೇಳಲಿಲ್ಲ ಯಾಕೆ?" ಸಿಸ್ಟರ್ ಬಿಡಲಿಲ್ಲ.

ಅವನ ಕಿವಿ ಕೆಂಪಾಯಿತು. "ಟೀಚರ್ ಎದುರಿಗೆ ನಿಲ್ಲೋ ಧೈರ್ಯ ಇರಲಿಲ್ಲ ಸಿಸ್ಟರ್."

ಸಭಾಂಗಣ ಗೊಳ್ಳೆಂದಿತು. ಗುಡುಗಿದ ತಂದೆಯೂ ನಕ್ಕುಬಿಟ್ಟ. ಸಿಸ್ಟರ್ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡು, "ಸೇವಾ ಶನಿವಾರ ಇರುತ್ತೆ," ಎಂದರು.

ಟೀಚರ್ ಅವನನ್ನು ಕಾರಿಡಾರಿನ ತುದಿಯಲ್ಲಿ ತಡೆದಳು.

"ಊರವರ ಮುಂದೆಲ್ಲಾ ನನ್ನ ಮಾನ ಹರಾಜು ಹಾಕಿದ್ರಲ್ಲಾ!"

"ಬಂದು ಹೇಳಿ ಅಂದಿದ್ದು ನೀವೇ ಅಲ್ವಾ..."

"ತಪ್ಪು ಒಪ್ಕೊಳ್ಳಿ ಅಂದೆ. ಪ್ರೀತಿ ಹೇಳ್ಕೊಳ್ಳಿ ಅಂದ್ನಾ?"

"ಪ್ರೀತಿ ಅನ್ನೋ ಮಾತು ನಾನು ಎತ್ತೇ ಇಲ್ಲವಲ್ಲ ಟೀಚರ್..."

ಅವಳು ನಾಲಿಗೆ ಕಚ್ಚಿಕೊಂಡಳು. ಇಷ್ಟು ದಿನ ಬಾರದ ಕಣ್ಣೀರು ಈಗ ಕೋಪದ ಜೊತೆಗೇ ನುಗ್ಗಿ ಬಂತು.

"ಹಾಗಾದ್ರೆ ಈಗ ಎತ್ತಿ!"

"ಪ್ರೀತಿಸ್ತೀನಿ. ಮೂರು ವರ್ಷದಿಂದ."

"ಮೂರು ವರ್ಷ ನಾನೂ ಆ ಆಫೀಸ್ ಬಾಗಿಲು ನೋಡಿ ನೋಡಿ, ಇವರಿಗೆಷ್ಟು ಜಂಬ ಅಂತ ಬೈಕೊಂಡು ಮನೆಗೆ ಹೋಗಿದ್ದೀನಿ, ಗೊತ್ತಾ? ಅಷ್ಟೂ ಶನಿವಾರ ವಾಪಸ್ ಕೊಡಿ!"

"ಎಲ್ಲಿಂದ ತರ್ಲಿ?"

"ನನಗೇನು ಗೊತ್ತು? ಇನ್ನು ಮುಂದಿನದೆಲ್ಲಾ ಕೊಡಿ."

ಅವನು ಮೆಲ್ಲಗೆ ಅವಳ ಕೈ ಹಿಡಿದುಕೊಂಡ. "ಭಾನುವಾರ...?"

"ಅದೂ ಕೊಡಿ," ಮೂಗೊರೆಸಿಕೊಂಡು ಸಿಡುಕಿದಳು ಅವಳು. "ಚರ್ಚಿನ ಪೂಜೆ ಮುಗಿದ ಮೇಲೆ."