ಕದಲಿಸಬಾರದು

ಶನಿವಾರ ಬೆಳಿಗ್ಗೆ ಎಂಟು ಗಂಟೆ. ಹಳೇ ರೈಲುಗಳನ್ನು ರಿಪೇರಿ ಮಾಡಿ ಓಡಿಸುವ ಶೆಡ್ಡಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಮೆರೆರಿಡ್ ತನ್ನ ಕೆಂಪು ಹಲಗೆಯನ್ನು ಬೋಗಿಯ ಮುಂದಿನ ಕೊಂಡಿಗೆ ನೇತುಹಾಕಿದಳು.

ಹಲಗೆಯ ಮೇಲೆ ‘ಕದಲಿಸಬಾರದು’ ಎಂದಿತ್ತು, ಕೆಳಗೆ ಅವಳ ಹೆಸರು. ಬೋಗಿಯಡಿ ಯಾರಾದರೂ ಮಲಗಿ ಕೆಲಸ ಮಾಡುವಾಗ ಎಂಜಿನ್ ಬಂದು ತಗುಲಬಾರದೆಂದು ಮಾಡಿದ ಏರ್ಪಾಡು ಅದು. ಹಾಕಿದವರೇ ತೆಗೆಯಬೇಕು, ಬೇರೆಯವರು ಮುಟ್ಟುವಂತಿಲ್ಲ. ಇವತ್ತು ಬೋಗಿಯಡಿ ಯಾರೂ ಇರಲಿಲ್ಲ. ಹನ್ನೊಂದು ಗಂಟೆಗೆ ಅದು ಜನರನ್ನು ತುಂಬಿಕೊಂಡು ಹೊರಡಬೇಕಿತ್ತು.

ಅರವತ್ತು ವರ್ಷ ಯಾರದೋ ಹೊಲದಲ್ಲಿ ಕೋಳಿಗೂಡಾಗಿದ್ದ ಬೋಗಿ. ಆರು ವರ್ಷದ ಹಿಂದೆ ಲಾರಿಯಿಂದ ಇಳಿಸಿದಾಗ ಗೋಡೆಯ ಸಂದಿಯಿಂದೆಲ್ಲ ಪುಕ್ಕ ಉದುರುತ್ತಿತ್ತು. ವಾರವಿಡೀ ಊರಿಗೆಲ್ಲ ಅಂಚೆ ಹಂಚುವ ಇದ್ವಾಲ್ ಶನಿವಾರ ಬಂದು ಅದರ ಮರಗೆಲಸ ಮಾಡಿದ. ಶಾಲೆಯ ಆಫೀಸಿನಲ್ಲಿ ಫೈಲು ನೋಡುವ ಮೆರೆರಿಡ್ ಬಣ್ಣ ಬಳಿದು, ಚಿನ್ನದ ಅಕ್ಷರ ಬರೆದಳು. ಸಂಬಳವಿಲ್ಲದ ಕೆಲಸ, ಆದರೂ ಇಬ್ಬರೂ ಒಂದು ಶನಿವಾರವೂ ತಪ್ಪಿಸಲಿಲ್ಲ.

ಮಧ್ಯಾಹ್ನ ಮೂರನೇ ಕಂಪಾರ್ಟ್‌ಮೆಂಟಿನಲ್ಲಿ ಎದುರುಬದುರು ಕೂತು ಟೀ ಕುಡಿಯುತ್ತಿದ್ದರು. ಆಗಿನ್ನೂ ನೆಲವೇ ಇರಲಿಲ್ಲ, ತೊಲೆಯ ಮೇಲೆ ಕೂತು ಕಾಲು ಇಳಿಬಿಡಬೇಕಿತ್ತು. ಗಾಜಿಲ್ಲದ ಕಿಟಕಿಯಿಂದ ವೇಲ್ಸಿನ ಗುಡ್ಡಗಳ ಮಂಜು ಮೆಲ್ಲಗೆ ಒಳಗೆ ಬರುತ್ತಿತ್ತು.

“ಇವತ್ತು ಎಲ್ಲಿಗೆ ಮೇಡಂ?” ಎಂದು ಅವನು ಟಿಕೆಟ್ ಕಲೆಕ್ಟರನ ಗತ್ತಿನಲ್ಲಿ ಕೇಳುತ್ತಿದ್ದ.

“ಸಮುದ್ರಕ್ಕೆ,” ಎನ್ನುತ್ತಿದ್ದಳು. ಇನ್ನೊಂದು ವಾರ “ಹಿಮ ಬೀಳೋ ಕಡೆಗೆ.” ಕದಲದ ಬೋಗಿಯಲ್ಲಿ ಕೂತು ಅವರಿಬ್ಬರೂ ಎಷ್ಟೋ ಊರು ಸುತ್ತಿದ್ದರು.

ಹೋದ ಶನಿವಾರ ಕೊನೆಯ ತಿರುಪು ಬಿಗಿದು ಇದ್ವಾಲ್, “ಅಬ್ಬಾ, ಮುಗೀತಪ್ಪಾ!” ಎಂದು ಜೋರಾಗಿ ನಕ್ಕಿದ್ದ. ಅವನು ಉತ್ತರದ ಯಾವುದೋ ಶೆಡ್ಡಿಗೆ, ಹಳೇ ಗೂಡ್ಸ್ ವ್ಯಾಗನ್ ರಿಪೇರಿಗೆ ಹೋಗಲು ಒಪ್ಪಿದ್ದಾನೆಂದು ಟೀ ಕೊಡುವ ಓಲ್ವೆನ್ ಅಜ್ಜಿ ಹೇಳಿದ್ದಳು. ಆ ನಗು ಒಂದು ವಾರದಿಂದ ಮೆರೆರಿಡ್‌ಳ ಎದೆಯಲ್ಲಿ ಚುಚ್ಚುತ್ತಲೇ ಇತ್ತು. ಬೋಗಿ ಹೊರಟರೆ ಅವನೂ ಹೊರಟ. ಅದಕ್ಕೇ ಹಲಗೆ.

ಹತ್ತೂವರೆಗೆ ಎಂಜಿನ್ ಹೊಗೆ ಬಿಡುತ್ತಾ ಬಂತು. ಡ್ರೈವರ್ ಗೆಥಿನ್ ಕೆಳಗಿಳಿದವನೇ ಕೂಗಿದ.

“ಮೆರೆರಿಡ್! ನಿನ್ನ ಹಲಗೆ ಇನ್ನೂ ಇಲ್ಲೇ ನೇತಾಡ್ತಿದೆಯಲ್ಲಮ್ಮಾ, ಮರೆತ್ಯಾ?”

“ಮರೆತಿಲ್ಲ. ವಾರ್ನಿಶ್ ಒಣಗಿಲ್ಲ.”

ಓಲ್ವೆನ್ ಅಜ್ಜಿ ಬೋಗಿಯ ಗೋಡೆಗೆ ಹೆಬ್ಬೆಟ್ಟು ಒತ್ತಿ ನೋಡಿದಳು. “ಒಣಗಿ ಮೂರು ವಾರ ಆಯ್ತು ಕಣೇ. ನನ್ನ ಮುಖ ಕಾಣ್ತಿದೆ ಇದ್ರಲ್ಲಿ, ಸುಕ್ಕೂ ಸೇರಿ.”

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ ಇದ್ವಾಲ್ ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುತ್ತಾ ನಿಂತಿದ್ದ. “ಏನು ಬಾಕಿ ಇದೆ ಹೇಳಿ, ನಾನೇ ಮಾಡ್ಕೊಡ್ತೀನಿ,” ಎಂದ, ಅವಳ ಮುಖ ನೋಡದೆ.

ಆ ಸೌಜನ್ಯ ನೋಡಿ ಅವಳಿಗೆ ಉರಿದುಹೋಯಿತು.

“ಏನೂ ಬಾಕಿ ಇಲ್ಲ. ನಿಮಗೆ ಮುಗೀತಲ್ಲ, ನಗ್ತಾ ನಗ್ತಾ ಮುಗಿಸಿದ್ರಿ. ನನಗೆ ಇದು ಮುಗೀಬಾರದಿತ್ತು. ನಿಮ್ಮ ಜೊತೆ ಕೂತು ಟೀ ಕುಡಿಯೋದು ನಿಲ್ಲಬಾರದಿತ್ತು. ಅಷ್ಟೇ!”

ಹೇಳಿಯಾಗಿತ್ತು, ಎಲ್ಲರ ಎದುರಿಗೇ. ಕಣ್ಣು ಮಂಜಾಗಿ ಕೊಂಡಿ ಸರಿಯಾಗಿ ಕಾಣಲಿಲ್ಲ. ತಡಕಾಡಿ ಹಲಗೆ ತೆಗೆದು ಎದೆಗವಚಿಕೊಂಡಳು. “ಹೊರಡಲಿ.”

ಗೆಥಿನ್ ಬೋಗಿಯ ಹಿಂಬದಿ ನೋಡಿ ಬರಲು ಹೋದ. ಶೆಡ್ಡಿನ ಗೋಡೆಗೆ ಒತ್ತಿಕೊಂಡಿದ್ದ ಆ ತುದಿಯಲ್ಲಿ ಬೆಳಕು ಕಡಿಮೆ. ಅಲ್ಲಿಂದ ಅವನ ದನಿ ಬಂತು.

“ಅಯ್ಯೋ ದೇವರೇ! ಇಲ್ಲೂ ಒಂದಿದೆ!”

ಮೆರೆರಿಡ್ ಓಡಿದಳು. ಹಿಂದಿನ ಕೊಂಡಿಯಲ್ಲಿ ಇನ್ನೊಂದು ಕೆಂಪು ಹಲಗೆ ತೂಗುತ್ತಿತ್ತು. ಅದರ ಮೇಲೆ ಇದ್ವಾಲ್‌ನ ಹೆಸರು.

ಅವನು ನಿಧಾನ ನಡೆದು ಬಂದ. ಕಿವಿ ಕೆಂಪಾಗಿತ್ತು.

“ಯಾವಾಗ ಹಾಕಿದ್ದು?” ಎಂದಳು ಮೆರೆರಿಡ್.

“ಏಳೂವರೆಗೆ.”

“ಏನು ಕೆಲಸ ಬಾಕಿ ಇತ್ತು?”

“ಏನೂ ಇಲ್ಲ. ಮೂರನೇ ಕಂಪಾರ್ಟ್‌ಮೆಂಟಲ್ಲಿ ಬೇರೆ ಯಾರೋ ಬಂದು ಕೂರ್ತಾರಲ್ಲ, ಅದನ್ನ ನೋಡೋಕಾಗಲ್ಲ ಅನ್ನಿಸ್ತು.”

“ಮತ್ತೆ ಅವತ್ತು ನಕ್ಕಿದ್ದು?”

“ನಗದಿದ್ರೆ ಅಳ್ತಿದ್ದೆ. ಉತ್ತರಕ್ಕೆ ಹೋಗ್ತೀನಿ ಅಂದದ್ದೂ ಅದಕ್ಕೇ. ಈ ಬೋಗಿ ಇಲ್ಲದ ಶೆಡ್ಡಲ್ಲಿ ನಿಮ್ಮನ್ನ ಮಾತಾಡಿಸೋಕೆ ನನಗೆ ನೆಪವೇ ಇರ್ತಿರಲಿಲ್ಲ.”

ಅವಳು ಅವನ ಕಣ್ಣುಗಳನ್ನೇ ನೋಡಿದಳು. ಆರು ವರ್ಷ ಟೀ ಲೋಟದ ಹಬೆಯ ಹಿಂದೆ ಕದ್ದು ನೋಡಿದ ಕಣ್ಣುಗಳು. ಈಗ ಕದಿಯಬೇಕಾಗಿರಲಿಲ್ಲ.

“ಪ್ರೇಮ ಆಮೇಲೆ ಮಾಡ್ರಪ್ಪಾ, ಮೊದ್ಲು ಹಲಗೆ ತೆಗೀರಿ! ಪ್ಲಾಟ್‌ಫಾರ್ಮಲ್ಲಿ ಜನ ಕಾಯ್ತಿದಾರೆ,” ಎಂದು ಗೆಥಿನ್ ಗದರಿದ.

ಇದ್ವಾಲ್ ಹಲಗೆಗೆ ಕೈ ಹಾಕಿ ಅಲ್ಲೇ ನಿಂತ. “ಇವಳು ಹೇಳಿದ್ರೆ ತೆಗೀತೀನಿ,” ಎಂದು ಅವಳತ್ತ ತಿರುಗಿದ. “ಇವತ್ತು ನಿಜವಾಗ್ಲೂ ಹೊರಡುತ್ತೆ. ನಿನಗೆ ಎಲ್ಲಿಗೆ ಹೋಗ್ಬೇಕು?”

ನೀವು ಎಂಬುದು ನೀನು ಆಗಿತ್ತು. ಮೆರೆರಿಡ್‌ಗೆ ಆ ಒಂದಕ್ಷರ ಕಿವಿಯಲ್ಲಿ ಬೆಚ್ಚಗೆ ಕೂತಿತು.

“ಈ ಹಳಿ ಎಷ್ಟು ದೂರ ಹೋಗುತ್ತೆ?”

“ಏಳು ಮೈಲಿ.”

“ಹಾಗಾದ್ರೆ ಹೋಗಿ ವಾಪಸ್ ಬರೋಣ. ಮತ್ತೆ ಹೋಗೋಣ.”

ಅವನು ಹಲಗೆ ತೆಗೆದ. ಮೂರನೇ ಕಂಪಾರ್ಟ್‌ಮೆಂಟಿನಲ್ಲಿ ಎರಡೂ ಹಲಗೆಗಳನ್ನು ಸೀಟಿನ ಮೇಲಿಟ್ಟು ಇಬ್ಬರೂ ಅಭ್ಯಾಸಬಲದಿಂದ ಎದುರುಬದುರು ಕೂತರು. ಎಂಜಿನ್ ಬೋಗಿಯನ್ನು ಪ್ಲಾಟ್‌ಫಾರ್ಮಿಗೆ ಎಳೆದುತಂದು ಜನ ಹತ್ತತೊಡಗಿದಾಗ ಮೆರೆರಿಡ್ ಎದ್ದು ಅವನ ಪಕ್ಕಕ್ಕೆ ಬಂದು ಕೂತಳು.

ಓಲ್ವೆನ್ ಅಜ್ಜಿ ಕಿಟಕಿಯಲ್ಲಿ ಕೈ ಹಾಕಿ ಸೀಟಿನ ಮೇಲಿದ್ದ ಒಂದು ಹಲಗೆ ಎತ್ತಿಕೊಂಡು, ಆ ಬಾಗಿಲ ಹಿಡಿಗೆ ಹೊರಗಿನಿಂದ ತೂಗುಹಾಕಿದಳು: ‘ಕದಲಿಸಬಾರದು’.

“ಅಜ್ಜೀ, ಇದನ್ನ ತೆಗೆಯೋರು ಯಾರು?” ಎಂದ ಗೆಥಿನ್.

“ಅದು ಬೋಗಿಗಲ್ಲ, ಒಳಗೆ ಕೂತಿರೋ ಇಬ್ಬರಿಗೆ. ಹಾಕಿದೋಳು ನಾನಲ್ವಾ? ನಾನು ಟೀ ಮಾಡೋಕೆ ಹೊರಟೆ,” ಎಂದು ಅಜ್ಜಿ ನಡೆದೇಬಿಟ್ಟಳು. ಗೆಥಿನ್ ಸೀಟಿ ಊದಿದ.